ಸೆಲ್ವಿ ತೀರ್ಪು ಮತ್ತು ಯಂತ್ರದ ಸಂಶಯ

ಅಪರಾಧ ವಿಚಾರಣೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಕುರಿತು ತುಮಕೂರಿನಲ್ಲಿ ಪಾಠ ಹೇಳುತ್ತಿದ್ದಾಗ, “ಸೆಲ್ವಿ ತೀರ್ಪು ಇರುವಾಗ ಭಯವೇಕೆ?” ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ವಿದ್ವಾಂಸರಲ್ಲಿಯೂ ಕೆಲವರಿಗೆ ಇದೇ ಭರವಸೆ ಇದ್ದಂತೆ ತೋರುವುದರಿಂದ ಆ ಪ್ರಶ್ನೆ ವಿಚಾರಾರ್ಹವಾಗಿದೆ.

ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿದ್ದಿತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳನ್ನು ಬಲವಂತದಿಂದ ಯಾರ ಮೇಲೂ ನಡೆಸತಕ್ಕದ್ದಲ್ಲವೆಂದು ತೀರ್ಮಾನಿಸಿತು. ತೀರ್ಪು ಶ್ಲಾಘ್ಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಕಾಪಾಡಿದುದು ಆಪಾದಿತನ ಮನಸ್ಸನ್ನು, ಅವನ ಮುಖವನ್ನಲ್ಲ. 1961ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ‘ಮುಂಬಯಿ ರಾಜ್ಯ ವಿರುದ್ಧ ಕಾಠಿ ಕಾಲು ಓಘಡ್’ ಮೊಕದ್ದಮೆಯಲ್ಲಿ, ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲವೆಂದು ಹೇಳಿದ್ದಿತು. ಸೆಲ್ವಿ ಈ ಭೇದವನ್ನು ಹಾಗೆಯೇ ಉಳಿಸಿಕೊಂಡಿತು.

ಹೀಗಿರಲು, ಗುಬ್ಬಿಯ ಜಾತ್ರೆಯಲ್ಲೋ ಕುಣಿಗಲ್ಲಿನ ಬಸ್ ನಿಲ್ದಾಣದಲ್ಲೋ ನಿಂತವನ ಮುಖವನ್ನು ಕ್ಯಾಮೆರಾ ಪೊಲೀಸರ ಸಂಗ್ರಹದೊಡನೆ ಹೋಲಿಸಿ ನೋಡಿತೆನ್ನಿ. ಸೂಜಿ ಚುಚ್ಚಿಲ್ಲ, ಪ್ರಶ್ನೆ ಕೇಳಿಲ್ಲ. ಒಪ್ಪಿಗೆಯ ಮಾತೇ ಏಳುವುದಿಲ್ಲ. ಸಂಗ್ರಹವಾದರೂ ಅಲ್ಪವಲ್ಲ: 2022ರ ಗುರುತಿಸುವಿಕೆ ಕಾಯಿದೆಯು ಬೆರಳಚ್ಚು, ಭಾವಚಿತ್ರ, ಕಣ್ಣಿನ ಪಾಪೆಯ ಗುರುತುಗಳನ್ನು 75 ವರ್ಷ ಕಾದಿರಿಸಲು ಅವಕಾಶ ಕೊಟ್ಟಿದೆ.

ಇತಿಹಾಸದ ಅಭ್ಯಾಸಿಗೆ ಇದಕ್ಕಿಂತಲೂ ಗಹನವಾದ ಪ್ರಶ್ನೆ, ಯಂತ್ರವು ಯಾವ ದಾಖಲೆಗಳಿಂದ ಕಲಿಯುತ್ತದೆಂಬುದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವೆಂದು ರಿಜಿಸ್ಟರಿಗೆ ಏರಿಸಿತು. ಅಂಥವರನ್ನು ಕೂಡಿಟ್ಟಿದ್ದ ಹುಬ್ಬಳ್ಳಿಯ ಬಡಾವಣೆಗೆ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಹೆಸರೇ ಉಳಿದಿದೆ. ಕಾಯಿದೆ 1952ರಲ್ಲಿ ರದ್ದಾಯಿತು. 1961ರಲ್ಲಿ ಮೈಸೂರು ರಾಜ್ಯವು ರೂಢಿಗತ ಅಪರಾಧಿಗಳ ಕಾಯಿದೆಯನ್ನು ಮಾಡಿತು. ಸೆರೆಮನೆಯ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು 2024ರ ಅಕ್ಟೋಬರ್ 3ರಂದು. ಅದನ್ನು ತೆಗೆದ ಮಾತ್ರಕ್ಕೆ ಯಂತ್ರವೇನೂ ಕುರುಡಾಗುವುದಿಲ್ಲ. ಊರು, ಕೇರಿ, ಹಿಂದೆ ಎಷ್ಟು ಬಾರಿ ಠಾಣೆಗೆ ಕರೆತಂದರೆಂಬ ಲೆಕ್ಕ, ಇಷ್ಟಿದ್ದರೆ ಹಳೆಯ ರಿಜಿಸ್ಟರಿನ ಕೆಲಸ ಸಾಗುತ್ತದೆ. ಹೆಚ್ಚು ಕಾವಲಿದ್ದ ಕೇರಿಯಲ್ಲಿ ಹೆಚ್ಚು ದಸ್ತಗಿರಿಗಳಾಗುತ್ತವೆ. ಆ ದಸ್ತಗಿರಿಗಳನ್ನೇ ಅಪರಾಧದ ಅಳತೆಯೆಂದು ಯಂತ್ರ ಎಣಿಸುತ್ತದೆ.

ಮಂಪರು ಪರೀಕ್ಷೆ ನಡೆಸಿದ ವೈದ್ಯನನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡಬಹುದಿತ್ತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೂಮಿಸ್ ಮೊಕದ್ದಮೆಯಲ್ಲಿ ಅಪಾಯದ ಅಂಕವನ್ನು ಹೇಗೆ ಎಣಿಸಲಾಯಿತೆಂಬುದು ವ್ಯಾಪಾರದ ಗುಟ್ಟಾಗಿಯೇ ಉಳಿಯಿತು. ಆದರೂ 2016ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಎಚ್ಚರಿಕೆಯ ಮಾತುಗಳೊಡನೆ ಆ ಅಂಕದ ಬಳಕೆಯನ್ನು ಒಪ್ಪಿತು. ಕೇರಳ ಉಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ, ಜಿಲ್ಲಾ ನ್ಯಾಯಾಂಗದಲ್ಲಿ ತೀರ್ಪಿಗೆ ಕೃತಕ ಬುದ್ಧಿಮತ್ತೆಯನ್ನು ಆಶ್ರಯಿಸಕೂಡದೆಂದು ವಿಧಿಸಿದ್ದು ಉಚಿತವೇ. ಆದರೆ ಸಂಶಯ ಹುಟ್ಟುವುದು ನ್ಯಾಯಾಧೀಶರ ಮೇಜಿನ ಮೇಲಲ್ಲ, ಠಾಣೆಯಲ್ಲಿ.

ಆದುದರಿಂದ ರಕ್ಷಣೆಯನ್ನು ಸಂವಿಧಾನದ 20(3)ನೆಯ ಅನುಚ್ಛೇದದಲ್ಲಿ ಹುಡುಕುವುದಕ್ಕಿಂತ 21ನೆಯದರಲ್ಲಿ ಹುಡುಕುವುದು ಲೇಸು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಬಂದ ತೀರ್ಪು, ಖಾಸಗಿತನಕ್ಕೆ ಕೈಹಾಕುವ ಸರ್ಕಾರವು ಮೊದಲು ಅದಕ್ಕೊಂದು ಕಾನೂನನ್ನು ತೋರಿಸಬೇಕೆನ್ನುತ್ತದೆ. ಮುಖ ಹೋಲಿಸುವ ಕ್ಯಾಮೆರಾಗಳಿಗೆಂದೇ ಸಂಸತ್ತು ಈವರೆಗೆ ಯಾವ ಕಾಯಿದೆಯನ್ನೂ ಮಾಡಿಲ್ಲ.