ಕ್ಷಯರೋಗಿಯ ಮನೆಗೆ ಅಕ್ಕಿ, ಬೇಳೆ: ರೇಷನ್ಸ್ ಅಧ್ಯಯನದ ವಿಮರ್ಶೆ

ಕ್ಷಯರೋಗಿಯ ಜೊತೆ ಒಂದೇ ಸೂರಿನಡಿ ಬಾಳುವವರಿಗೆ ತಿಂಗಳ ರೇಷನ್ ಕೊಟ್ಟರೆ ಅವರಲ್ಲಿ ರೋಗ ಕಾಣಿಸಿಕೊಳ್ಳುವುದು ಕಡಿಮೆಯಾಗುತ್ತದೆಯೇ ಎಂಬುದನ್ನು ಪರೀಕ್ಷಿಸಿದ್ದು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆದ ರೇಷನ್ಸ್ ಅಧ್ಯಯನ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದರ ಮುಂಚೂಣಿಯಲ್ಲಿದ್ದರು; ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಜೊತೆಗೂಡಿತ್ತು. ಫಲಿತಾಂಶ 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರ ತೂಕ ತಿಳಿಯಬೇಕಾದರೆ ಅದೇ ಚೆನ್ನೈ ಸಂಸ್ಥೆ ತನ್ನ ಆರಂಭದ ದಿನಗಳಲ್ಲಿ ಮಾಡಿದ ಕೆಲಸದತ್ತ ನೋಡಬೇಕು. 1956ರಲ್ಲಿ ಮದರಾಸಿನಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಒಂದೇ ಬಗೆಯ ಔಷಧಿ ಕೊಡಲಾಯಿತು. ಮನೆಯಲ್ಲಿದ್ದವರ ಊಟ ಸಾಧಾರಣ, ವಾಸ ಇಕ್ಕಟ್ಟಿನದು. ಆದರೂ ಗುಣವಾದ ಪ್ರಮಾಣದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಬಡವರನ್ನು ಆಸ್ಪತ್ರೆಯ ಹಾಸಿಗೆಗಾಗಿ ಕಾಯಿಸುವುದನ್ನು ತಪ್ಪಿಸಿದ ದೊಡ್ಡ ಅಧ್ಯಯನವದು. ಆದರೆ ಅದರಿಂದ ವೈದ್ಯಲೋಕ ಅಗತ್ಯಕ್ಕಿಂತ ಹೆಚ್ಚಿನದನ್ನು ಕಲಿತುಬಿಟ್ಟಿತು. ಮಾತ್ರೆ ನುಂಗಿದರೆ ಸಾಕು, ಊಟದ ಚಿಂತೆ ಬೇಡ ಎಂಬ ಭಾವನೆ ದಶಕಗಳ ಕಾಲ ಉಳಿಯಿತು. ಕಫದಲ್ಲಿನ ಕ್ರಿಮಿ ಔಷಧಿಯಿಂದ ಸಾಯುತ್ತದೆಯೇ ಎಂಬುದು ಮದರಾಸಿನ ಪ್ರಶ್ನೆ. ಹಸಿದ ಮೈಯಲ್ಲಿ ಆ ಕ್ರಿಮಿ ತಲೆಯೆತ್ತುವುದನ್ನು ಅನ್ನ ತಡೆಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ, ಅದನ್ನು ಯಾರೂ ಈ ರೀತಿ ಕೇಳಿರಲಿಲ್ಲ.

ರೇಷನ್ಸ್‌ನಲ್ಲಿ 2,800 ರೋಗಿಗಳ ಮನೆಗಳ 10,345 ಮಂದಿ ಸೇರಿದ್ದರು. ಸಂತಾಲ, ಹೋ, ಮುಂಡಾ, ಒರಾಂವ್ ಮೊದಲಾದ ಆದಿವಾಸಿ ಸಮುದಾಯಗಳವರೇ ಮೂರನೇ ಎರಡರಷ್ಟಿದ್ದರು. ರೋಗಿಗಳಿಗೆ ಎರಡೂ ಗುಂಪುಗಳಲ್ಲಿ ಆಹಾರ ಸಿಕ್ಕಿತು. ವ್ಯತ್ಯಾಸವಿದ್ದದ್ದು ಮನೆಯವರಲ್ಲಿ: ಒಂದು ಗುಂಪಿನ ಪ್ರತಿ ವಯಸ್ಕರಿಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ, ಇನ್ನೊಂದಕ್ಕೆ ಇಲ್ಲ. ಆಹಾರವಿಲ್ಲದ ಗುಂಪಿನ 4,724 ಮಂದಿಯಲ್ಲಿ 122 ಜನರಿಗೆ, ಆಹಾರ ಪಡೆದ 5,621 ಮಂದಿಯಲ್ಲಿ 96 ಜನರಿಗೆ ಕ್ಷಯ ಬಂತು. ಲೆಕ್ಕ ಹೊಂದಿಸಿ ನೋಡಿದಾಗ ಎಲ್ಲ ಬಗೆಯ ಕ್ಷಯ 39%, ಕಫ ಪರೀಕ್ಷೆಯಲ್ಲಿ ದೃಢಪಟ್ಟ ಶ್ವಾಸಕೋಶದ ಕ್ಷಯ 48% ಕಡಿಮೆಯಾಗಿತ್ತು. ಸುಮಾರು 30 ಮನೆಗಳಿಗೆ ಆಹಾರ ಕೊಟ್ಟರೆ ಒಬ್ಬರು ರೋಗದಿಂದ ಪಾರಾಗುತ್ತಾರೆ.

ಲೋಪಗಳಿಲ್ಲವೆಂದಲ್ಲ. ಯಾರ ಮನೆಗೆ ಅಕ್ಕಿ ಹೋಗಿದೆ ಎಂಬುದು ಎಲ್ಲರಿಗೂ ಕಾಣುವಂಥದ್ದು. ಹಾಗಾಗಿ ರೋಗ ಗುರುತಿಸುವಾಗ ಪಕ್ಷಪಾತ ನುಸುಳಬಹುದು. ಆದರೆ ಪ್ರಯೋಗಾಲಯದಲ್ಲಿ ದೃಢಪಟ್ಟ ರೋಗದಲ್ಲೇ ಇಳಿಕೆ ಹೆಚ್ಚಾಗಿರುವುದರಿಂದ ಆ ಆಕ್ಷೇಪ ಸೊರಗುತ್ತದೆ. ಮನೆಯವರಿಗೆ ಆಹಾರ ಕೊಡದ ಗುಂಪಿನಲ್ಲಿ ರೋಗಿಯ ಪಾಲಿನ ಆಹಾರವನ್ನು ಮನೆಮಂದಿ ಹಂಚಿಕೊಂಡಿರುವ ಸಾಧ್ಯತೆಯೂ ಇದೆ. ಯಾವ ತಾಯಿ ತಾನೊಬ್ಬಳೇ ಉಂಡಾಳು? ಹಾಗಾಗಿದ್ದರೆ ನಿಜವಾದ ಲಾಭ ಕಂಡದ್ದಕ್ಕಿಂತ ದೊಡ್ಡದು. ಇನ್ನು 39% ಎಂಬುದು ಮಧ್ಯದ ಅಂದಾಜು. ಲಾಭ 15%ನಷ್ಟು ಚಿಕ್ಕದೂ 57%ನಷ್ಟು ದೊಡ್ಡದೂ ಇರಬಹುದು. ಹಸಿವು ಇಷ್ಟು ತೀವ್ರವಿಲ್ಲದ ಕಡೆ, ಉದಾಹರಣೆಗೆ ಸಕ್ಕರೆ ಕಾಯಿಲೆಯಿಂದ ಕ್ಷಯ ಹೆಚ್ಚುವ ನಗರಗಳಲ್ಲಿ, ಇದೇ ಅಂಕಿಯನ್ನು ನಿರೀಕ್ಷಿಸುವಂತಿಲ್ಲ.

ಜೊತೆಯಲ್ಲೇ ಬಂದ ಇನ್ನೊಂದು ವರದಿಯನ್ನು ಮಾತ್ರ ಹೆಚ್ಚು ಎಚ್ಚರದಿಂದ ಓದಬೇಕು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61% ಕಡಿಮೆಯಿತ್ತು ಎನ್ನುತ್ತದೆ ಅದು. ಇಲ್ಲಿ ಎಲ್ಲ ರೋಗಿಗಳಿಗೂ ಆಹಾರ ಸಿಕ್ಕಿದ್ದರಿಂದ ಹೋಲಿಸಲು ಆಹಾರವಿಲ್ಲದ ಗುಂಪೇ ಇಲ್ಲ. ಚೇತರಿಸಿಕೊಳ್ಳುತ್ತಿರುವವರ ತೂಕ ತಾನಾಗಿಯೇ ಏರುತ್ತದೆ. ಆದರೂ ಸುಮಾರು 42 ಕಿಲೋ ತೂಗುವ ಗಂಡಸರು, 36 ಕಿಲೋ ತೂಗುವ ಹೆಂಗಸರು ಚಿಕಿತ್ಸೆಗೆ ಬರುವಾಗ ಅವರ ತಟ್ಟೆಯತ್ತ ನೋಡದೆ ಮಾತ್ರೆಯ ಪಟ್ಟಿಯನ್ನಷ್ಟೇ ಕೊಟ್ಟು ಕಳಿಸುವುದನ್ನು ಯಾವ ವೈದ್ಯನೂ ಸಮರ್ಥಿಸಲಾರ.

ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಆದರೆ ಈ ಹಣ ರೋಗಿಗೆ. ಅಧ್ಯಯನ ಸಾಧಿಸಿ ತೋರಿಸಿದ್ದು ಮನೆಯವರಿಗೆ ಕೊಟ್ಟ ಧಾನ್ಯದ ಫಲವನ್ನು, ಆ ಹೊಣೆಯನ್ನು ದಾನಿಗಳಾದ ನಿಕ್ಷಯ್ ಮಿತ್ರರಿಗೆ ಬಿಡಲಾಗಿದೆ. ರೋಗಿಯ ಹೆಸರು ದಾಖಲಾದ ದಿನವೇ ಆ ಮನೆಯ ಎಲ್ಲರ ಪಾಲಿನ ಅಕ್ಕಿ, ಬೇಳೆ ಸರ್ಕಾರದ ಲೆಕ್ಕದಲ್ಲೇ ಮಂಜೂರಾಗಬೇಕು.