ಗಡಿಯನ್ನು ಎಳೆದವರು: ರಬ್ಬಿಗಳು, ಕ್ರೈಸ್ತರು ಮತ್ತು ಕನ್ನಡದ ‘ಮತಯುಗ’ಗಳು

ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದಿಂದ ಪೂರ್ವಕ್ಕೆ, ನಾರ್ಕೇಲ್‌ಡಾಂಗಾದಲ್ಲಿ, ಬಾಗ್ದಾದಿ ಯೆಹೂದಿಗಳ ಸ್ಮಶಾನವಿದೆ. ಹೀಬ್ರೂ ಲಿಪಿಯ ಆ ಸಮಾಧಿಕಲ್ಲುಗಳನ್ನು ಕಂಡು ಬಂದಾಗ ನಮಗೆ ನೆನಪಾದುದು ಈ ಸಮುದಾಯವು 1881ರಲ್ಲಿ ಇದೇ ನಗರದಲ್ಲಿ ತೆರೆದ ಬಾಲಿಕಾ ಶಾಲೆ. ತಮ್ಮ ಹೆಣ್ಣುಮಕ್ಕಳು ಕ್ರೈಸ್ತ ಮಿಷನ್ ಶಾಲೆಗಳ ಪ್ರಭಾವಕ್ಕೆ ಒಳಗಾದಾರೆಂಬ ಆತಂಕದಿಂದ ಅದು ಹುಟ್ಟಿತು. ಆದರೆ ಯಾರಿಂದ ದೂರವಿರಬೇಕೆಂದು ಹುಟ್ಟಿತೋ ಅವರ ಸಂಸ್ಥೆಯ ಮಾದರಿಯನ್ನೇ ತಳೆಯಿತು. (ಇಂದು ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಮ್ ಬಾಲಕಿಯರೆಂಬುದು ಬೇರೆ ಮಾತು.)

ಯೆಹೂದ್ಯ ಮತ ತಾಯಿ, ಕ್ರೈಸ್ತ ಮತ ಮಗಳು ಎಂಬ ವಂಶಾವಳಿಯನ್ನು ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಡೇನಿಯಲ್ ಬೊಯಾರಿನ್ ತಮ್ಮ ‘ಬಾರ್ಡರ್ ಲೈನ್ಸ್’ (2004) ಗ್ರಂಥದಲ್ಲಿ, ಕ್ರೈಸ್ತ ಪಂಡಿತರೂ ರಬ್ಬಿಗಳೂ ಪರಸ್ಪರರನ್ನು ಎದುರಿಟ್ಟುಕೊಂಡೇ ತಮ್ಮ ತಮ್ಮ ಮತಗಳಿಗೆ ಎಲ್ಲೆ ಹಾಕಿದರೆಂದು ವಾದಿಸಿದ್ದಾರೆ. ತೊಸೆಫ್ತಾದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ರಬ್ಬಿ ಎಲಿಯೆಜರನನ್ನು ‘ಮೀನೂತ್’, ಎಂದರೆ ಪಾಷಂಡತನದ ಆರೋಪದ ಮೇಲೆ ರೋಮನ್ ಅಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಬಿಡುಗಡೆಯಾದ ಮೇಲೂ ಅವನಿಗೆ ಸಮಾಧಾನವಿಲ್ಲ. ಇಂಥ ಸಂಶಯ ತನ್ನ ಮೇಲೇಕೆ ಬಂದಿತು? ಕೊನೆಗೆ ನೆನಪಾಗುತ್ತದೆ: ಸೆಫೊರಿಸ್ ಪಟ್ಟಣದ ಬೀದಿಯಲ್ಲಿ ಯಾಕೋಬನೆಂಬವನು ಯೇಸುವಿನ ಹೆಸರಿನಲ್ಲಿ ಒಂದು ಮಾತು ಹೇಳಿದ್ದ, ಅದು ತನಗೆ ಹಿಡಿಸಿತ್ತು. ಬೇರೆಯವನ ಮಾತು ಹಿತವಾಗಿ ಕೇಳಿಸಿತೆಂಬುದೇ ಇಲ್ಲಿ ಅಪರಾಧ. ಆಚೆಯ ಕಡೆಯೂ ಸ್ಥಿತಿ ಇದೇ. 386-87ರಲ್ಲಿ ಅಂತಿಯೋಕದ ಕ್ರಿಸೊಸ್ತೊಮನು ಯೆಹೂದಿ ಹಬ್ಬಗಳಿಗೆ ಹೋಗುತ್ತಿದ್ದ ತನ್ನ ಸಭಿಕರನ್ನೇ ಉಗ್ರವಾಗಿ ಖಂಡಿಸಿದನು. ಹೋಗುವವರು ಇಲ್ಲದಿದ್ದರೆ ಆ ಉಪನ್ಯಾಸಗಳು ಬೇಕಾಗುತ್ತಿರಲಿಲ್ಲ.

ಕನ್ನಡ ಸಾಹಿತ್ಯ ಚರಿತ್ರೆಗೆ ಇದರಿಂದ ಒಂದು ಪ್ರಶ್ನೆ ಏಳುತ್ತದೆ. ಇ. ಪಿ. ರೈಸ್ 1915ರಲ್ಲಿ ಸಾಹಿತ್ಯವನ್ನು ಜೈನ, ಲಿಂಗಾಯತ, ವೈಷ್ಣವ ಕಾಲಗಳೆಂದು ವಿಂಗಡಿಸಿದ ಮೇಲೆ, ಆ ಮತಗಳು ಸಿದ್ಧ ಪೆಟ್ಟಿಗೆಗಳಂತೆ ಮೊದಲೇ ಇದ್ದುವೆಂದು ನಾವು ತಿಳಿಯುತ್ತ ಬಂದಿದ್ದೇವೆ. ಹೊರರಾಜ್ಯಗಳ ಸಂಶೋಧಕರಿಗೆ ಸುಲಭವಾಗಿ ದೊರೆಯುವ ಚಿತ್ರವೂ ಇದೇ. 12ನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ಜೈನಮತದ ಸಾಕ್ಷ್ಯವೆಂದು ಓದುವುದು ಈ ಅಭ್ಯಾಸದ ಫಲ. ಅನ್ಯದೈವಗಳ ಆರಾಧನೆಯನ್ನು ಅವನು ಅಷ್ಟು ವಿವರವಾಗಿ ಲೇವಡಿ ಮಾಡುವುದು ಯಾರಿಗಾಗಿ? ಆ ಗುಡಿಗಳಿಗೆ ಹೋಗಿ ಬರುತ್ತಿದ್ದ ಶ್ರಾವಕರಿಗಾಗಿಯೇ ಎಂದು ನಮ್ಮ ಊಹೆ. ಅವನು ಗಡಿಯನ್ನು ವರ್ಣಿಸುತ್ತಿಲ್ಲ, ಎಳೆಯುತ್ತಿದ್ದಾನೆ. ಸುಮಾರು 1200ರ ಅಬ್ಬಲೂರು ಶಾಸನದಲ್ಲಿಯೂ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಪಂಥದಲ್ಲಿ ಪವಾಡವೇ ಪ್ರಮಾಣ, ಬಿಜ್ಜಳನ ಜಯಪತ್ರವೇ ತೀರ್ಪು. ಗೆದ್ದವರು ಬರೆಸಿದ ಆ ಕಥನದಲ್ಲಿ ಎರಡು ಪಕ್ಷಗಳೂ ಒಂದೇ ಕಟ್ಟಳೆಯಲ್ಲಿ ವಾದಿಸುತ್ತವೆ.

ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಯೆಹೂದಿ-ಕ್ರೈಸ್ತರ ಜಗಳ ಒಂದೇ ಧರ್ಮಗ್ರಂಥದ ಪಾಲಿನದು. ಜೈನ-ಶೈವರಿಗೆ ಅಂಥ ಸಮಾನ ಗ್ರಂಥವಿಲ್ಲ. ಬೊಯಾರಿನ್ ಅವರ ವಾದದ ಬಗೆಗೂ ನಮಗೊಂದು ಆಕ್ಷೇಪವಿದೆ. ಅವರು ಗಡಿಯ ಕೆಲಸವನ್ನು ಪಂಡಿತರಿಗೆ ಹೆಚ್ಚಾಗಿ ಒಪ್ಪಿಸುತ್ತಾರೆ. ಆದರೆ 70ರಲ್ಲಿ ಜೆರೂಸಲೇಮಿನ ದೇವಾಲಯ ನಾಶವಾದ ಮೇಲೆ ರೋಮನ್ ಸರಕಾರ ಯೆಹೂದಿಗಳ ಮೇಲೆ ತಲೆಗೆ ಎರಡು ದೆನಾರಿಯಸ್ ತೆರಿಗೆ ಹಾಕಿತು. ಯಾರು ಯೆಹೂದಿ ಎಂಬ ಪ್ರಶ್ನೆ ತೆರಿಗೆಯವನ ಪ್ರಶ್ನೆಯೂ ಆಯಿತು. 1368ರ ಶ್ರವಣಬೆಳಗೊಳದ ಶಾಸನವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಡುತ್ತಾನೆ. ಬೆಳಗೊಳದ ದೇವರ ಕಾವಲಿಗಾಗಿ ವರ್ಷಕ್ಕೆ ಜೈನರ ಮನೆಗೊಂದು ಹಣ ಎತ್ತಬೇಕೆಂದೂ ಅದೇ ಶಾಸನ ವಿಧಿಸುತ್ತದೆ. ಅದನ್ನು ಎತ್ತಲು ಊರೂರಿನಲ್ಲಿ ಯಾವ ಮನೆ ಜೈನರದು ಎಂದು ಮೊದಲು ಗುರುತಿಸಬೇಕಾಗಿತ್ತು.