ಗಾಯ ಯಾರ ಮೈಮೇಲಿನದು?

2017ರ ‘ಹೋಮ್‌ಕಮಿಂಗ್ ಕಿಂಗ್’ ಪ್ರದರ್ಶನದಲ್ಲಿ ಅಮೆರಿಕದ ಹಾಸ್ಯಗಾರ ಹಸನ್ ಮಿನ್ಹಾಜ್ ಒಂದು ರಾತ್ರಿಯ ಕಥೆ ಹೇಳುತ್ತಾರೆ. ಸೆಪ್ಟೆಂಬರ್ 11ರ ದಾಳಿ ಆದಮೇಲೆ ಮನೆಗೆ ಬೆದರಿಕೆಯ ಫೋನ್ ಬರುತ್ತದೆ. ಹೊರಗೆ ಹೋಗಿ ನೋಡಿದರೆ ಕಾರಿನ ಗಾಜು ಪುಡಿಪುಡಿ. ಮಗ ಹಸನ್ ಬೀದಿಯಲ್ಲಿ ಎಗರಾಡುತ್ತಾನೆ. ಅಲಿಗಢದಿಂದ ಬಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೆಲೆಸಿದ ಅಪ್ಪ ನಡುರಸ್ತೆಯಲ್ಲಿ ಸುಮ್ಮನೆ ಚೂರು ಗುಡಿಸುತ್ತಾರೆ. ಅಪ್ಪನ ಲೆಕ್ಕದಲ್ಲಿ ಅದು ಪರದೇಶದಲ್ಲಿ ಬದುಕುವುದಕ್ಕೆ ಕಟ್ಟುವ ಸುಂಕ. ಅಲ್ಲೇ ಹುಟ್ಟಿದ ಮಗನಿಗೆ, ತಾನೇಕೆ ಕಟ್ಟಬೇಕು ಎಂಬ ಸಿಟ್ಟು. ವಲಸಿಗರ ಮಕ್ಕಳು ಅಮೆರಿಕದಲ್ಲಿ ಬೆಳೆಸಿದ ರಾಜಕೀಯ ಸ್ಟ್ಯಾಂಡ್‌ಅಪ್ ಹುಟ್ಟಿದ್ದು ಈ ಸಿಟ್ಟಿನಿಂದಲೇ.

ಇವರಿಗಿಂತ ಮೊದಲು ಬಂದವರ ದಾರಿ ಬೇರೆಯಿತ್ತು. ಟೆಹರಾನ್‌ನಲ್ಲಿ ಹುಟ್ಟಿದ ಮಾಜ್ ಜೋಬ್ರಾನಿ ಮತ್ತು ಗೆಳೆಯರು ಅಧ್ಯಕ್ಷ ಬುಷ್ ಇರಾನ್ ಮೊದಲಾದ ದೇಶಗಳಿಗೆ ಬಳಸಿದ ‘ಆಕ್ಸಿಸ್ ಆಫ್ ಈವಿಲ್’ (ದುಷ್ಟಕೂಟ) ಎಂಬ ಬೈಗುಳವನ್ನೇ ತಮ್ಮ ತಂಡದ ಹೆಸರಾಗಿ ಇಟ್ಟುಕೊಂಡರು. ವಿಮಾನ ನಿಲ್ದಾಣದ ತಪಾಸಣೆಯನ್ನು ನಗೆಯಾಗಿಸಿದರು. ಜಾಣತನವೇನೋ ಹೌದು, ಆದರೆ ‘ನಾವೂ ನಿಮ್ಮಂಥವರೇ, ಹೆದರಬೇಡಿ’ ಎಂದು ಜಾಮೀನು ಕೊಡುವ ದನಿ ಅದರಲ್ಲಿತ್ತು.

ಮಿನ್ಹಾಜ್ ಜಾಮೀನು ಕೊಡಲಿಲ್ಲ. 2014ರಲ್ಲಿ ಟಿವಿಯ ರಾಜಕೀಯ ವಿಡಂಬನೆ ‘ದ ಡೈಲಿ ಶೋ’ ಸೇರಿದರು. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸ್ವಂತ ಕಾರ್ಯಕ್ರಮ ಶುರುವಾದಾಗ, ಮುಸ್ಲಿಮರ ಮೇಲೆ ಕಣ್ಣಿಡಲು ಬಳಕೆಯಾದ 2001ರ ಕಾಯ್ದೆಯ ಹೆಸರನ್ನೇ ಅದಕ್ಕೆ ಇಟ್ಟರು: ‘ಪೇಟ್ರಿಯಟ್ ಆಕ್ಟ್’. ಕುರ್ಚಿ ಮೇಜು ಇಲ್ಲ. ಸುತ್ತ ದೈತ್ಯ ಪರದೆಗಳು, ಅಂಕಿಅಂಶ, ನಡುವೆ ಕೈಬೀಸುತ್ತ ಓಡಾಡುವ ತೆಳ್ಳನೆಯ ಮನುಷ್ಯ. ಟ್ಯೂಷನ್ ಮೇಷ್ಟರಿಗೆ ಕಾಫಿ ಹೆಚ್ಚಾದ ಹಾಗೆ. ಸೌದಿ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆಯ ಬಳಿಕ ಸೌದಿ ಯುವರಾಜನ ಮೇಲೆ ಮಾಡಿದ ಕಂತನ್ನು ಆ ದೇಶದ ಸರ್ಕಾರ ಆಕ್ಷೇಪಿಸಿತು, ನೆಟ್‌ಫ್ಲಿಕ್ಸ್ ಅಲ್ಲಿ ಅದನ್ನು ತೆಗೆದುಹಾಕಿತು. ಒಬ್ಬ ಹಾಸ್ಯಗಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಿಕ್ಕಿಲ್ಲ.

ಆದರೆ 2022ರ ‘ದ ಕಿಂಗ್ಸ್ ಜೆಸ್ಟರ್’ನಲ್ಲಿ ಈ ಪ್ರಶಸ್ತಿ ಅವರಿಗೆ ಸಾಲಲಿಲ್ಲ ಅನ್ನಿಸುತ್ತದೆ. ಹದಿಹರೆಯದಲ್ಲಿ ತಮ್ಮ ಮಸೀದಿಗೆ ನುಸುಳಿದ ಎಫ್‌ಬಿಐ ಗುಪ್ತಚರ, ಅಂಚೆಯಲ್ಲಿ ಬಂದ ಬಿಳಿ ಪುಡಿ ತಮ್ಮ ಮಗುವಿನ ಮೈಮೇಲೆ ಚೆಲ್ಲಿ, ವಿಷವಿರಬಹುದೆಂದು ಆಸ್ಪತ್ರೆಗೆ ಓಡಿದ್ದು: ಎರಡೂ ಅವರು ಹೇಳಿದ ಹಾಗೆ ನಡೆದಿರಲಿಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ‘ದ ನ್ಯೂಯಾರ್ಕರ್’ ಬರೆಯಿತು. ತಮ್ಮ ಕಥೆಗಳಲ್ಲಿ ಎಪ್ಪತ್ತು ಪಾಲು ಭಾವಸತ್ಯ, ಮೂವತ್ತು ಪಾಲು ಅತಿಶಯ ಎಂಬುದು ಅವರ ಸಮರ್ಥನೆ. ಪತ್ರಿಕೆ ತಮಗೆ ನ್ಯಾಯ ಮಾಡಲಿಲ್ಲವೆಂದು ದೀರ್ಘ ವಿಡಿಯೊದಲ್ಲಿ ದಾಖಲೆ ಸಮೇತ ವಾದಿಸಿದರು; ಕೆಲವು ಮಾತು ಒಪ್ಪತಕ್ಕವೇ.

ಉಪ್ಪುಖಾರ ಹಚ್ಚದೆ ಯಾವ ಹರಟೆಯೂ ರುಚಿಸದು, ಅದು ನನಗೆ ದೊಡ್ಡ ಅಪರಾಧವಲ್ಲ. ಕಾಡುವುದು ಬೇರೆ. ಮಸೀದಿಗಳಿಗೆ ಎಫ್‌ಬಿಐ ಗುಪ್ತಚರರನ್ನು ಕಳಿಸಿದ್ದು ನಿಜ. ದಕ್ಷಿಣ ಕ್ಯಾಲಿಫೋರ್ನಿಯಾದ ಅಂಥ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಸತ್ಯ ಕೈಗೆಟಕುವಲ್ಲೇ ಬಿದ್ದಿತ್ತು, ಬೇರೆಯವರ ಮೈಮೇಲಿನ ಗಾಯವಾಗಿ. ಅದನ್ನು ಆ ಬೇರೆಯವರದ್ದೆಂದೇ ಹೇಳಬಹುದಿತ್ತು. ತನ್ನ ಮೈಮೇಲೆ ತೋರಿಸದಿದ್ದರೆ ಸಭೆ ನಂಬದು ಎಂದು ಮಿನ್ಹಾಜ್ ಭಾವಿಸಿದರು. ಸಭೆಗೆ ಆ ಚಟ ಹತ್ತಿಸಿದ್ದೂ ಈ ಪರಂಪರೆಯೇ: ಇಲ್ಲಿ ನೊಂದವನಿಗೆ ಮಾತ್ರ ಮಾತಾಡುವ ಹಕ್ಕು.

ಹಾಗಾಗಬೇಕಿರಲಿಲ್ಲ ಎನ್ನಲು ಇನ್ನೊಬ್ಬ ಹಾಸ್ಯಗಾರ ಹರಿ ಕೊಂಡಬೋಲು ಇದ್ದಾರೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೆಳೆದ ತೆಲುಗು ಮನೆಯ ಹುಡುಗ, ಸಿಯಾಟಲ್‌ನಲ್ಲಿ ವಲಸಿಗರ ಹಕ್ಕುಗಳಿಗಾಗಿ ದುಡಿದವರು. ಕಾರ್ಟೂನ್ ಸರಣಿ ‘ದ ಸಿಂಪ್ಸನ್ಸ್’ನ ಭಾರತೀಯ ಅಂಗಡಿಯವ ಅಪುವಿಗೆ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಕೊಟ್ಟ ಅಣಕದ ದನಿಯನ್ನು 2017ರ ಸಾಕ್ಷ್ಯಚಿತ್ರದಲ್ಲಿ ಅವರು ಹಿಡಿದು ಜಗ್ಗಿದರು. ಅಲ್ಲಿ ಸಾಕ್ಷಿ ಹುಡುಕಬೇಕಿರಲಿಲ್ಲ. ಅದು ಎಲ್ಲರ ಮನೆಯ ಟಿವಿಯಲ್ಲೇ ಇತ್ತು. 2020ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು. ಕೊಂಡಬೋಲುವಿಗೆ ಮಿನ್ಹಾಜ್‌ರಷ್ಟು ಜನ ಸೇರುವುದಿಲ್ಲ. ಅವರ ಹಾಸ್ಯ ಕೆಲವೊಮ್ಮೆ ಒಣ ವಾದವಾಗುವುದೂ ನಿಜ.

ವಿವಾದದ ಹೊತ್ತಿಗೆ ‘ದ ಡೈಲಿ ಶೋ’ ನಿರೂಪಕನ ಪಟ್ಟ ಮಿನ್ಹಾಜ್‌ಗೇ ಎಂಬ ಸುದ್ದಿಯಿತ್ತು, ಅದು ಕೈತಪ್ಪಿತು. 2024ರ ‘ಆಫ್ ವಿತ್ ಹಿಸ್ ಹೆಡ್’ನಲ್ಲಿ ಆ ಪ್ರಕರಣವನ್ನೇ ನಗೆಯ ಸರಕಾಗಿಸಿ ಮತ್ತೆ ಸಭೆಯನ್ನು ಗೆದ್ದರು. ನಾನೂ ನಕ್ಕೆ. ಆಮೇಲೆ ಹಳೆಯ ‘ಹೋಮ್‌ಕಮಿಂಗ್ ಕಿಂಗ್’ ಹಾಕಿಕೊಂಡು ಕೂತೆ. ಅಪ್ಪ ಗಾಜು ಗುಡಿಸುವ ಕಥೆಯನ್ನು ಯಾರೂ ಸುಳ್ಳೆಂದಿಲ್ಲ, ನನಗೂ ಅನುಮಾನವಿಲ್ಲ. ಆದರೂ ಈ ಸಲ ನನ್ನ ಕಣ್ಣು ಅಪ್ಪನಿಗಿಂತ ಹೆಚ್ಚಾಗಿ, ಆ ಕಥೆ ಹೇಳುವಾಗ ಮಗ ಎಲ್ಲಿ ದನಿ ತಗ್ಗಿಸುತ್ತಾರೆ ಎಂಬುದರ ಮೇಲೇ ಇತ್ತು.